ಪದ್ದಕ್ಕನ ಮಗು

ಟೀವಿಗೆ ಹಾಸ್ಯ ಧಾರಾವಾಹಿ ಬರೆಯುವವರು ಕೆಲವರು ಈಚೆಗೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಪುತ್ತೂರಿನಲ್ಲಿ ಒಬ್ಬ ಮುದುಕ ಇದ್ದಾನೆ, ಒಂದೇ ಮನೆಯವರ ಕಥೆಯನ್ನು ವಾರಕ್ಕೊಂದರಂತೆ ವರ್ಷಗಟ್ಟಲೆ ಬರೆದು ಸಂತೆಯ ಜನರನ್ನು ನಗಿಸಿದವನು ಎಂದು ಯಾರೋ ಅವರಿಗೆ ಹೇಳಿರುತ್ತಾರೆ. ಬಂದವರು ಟೇಪ್ ರೆಕಾರ್ಡರು ಎದುರಿಗಿಟ್ಟು, ನಗಿಸುವ ಗುಟ್ಟು ಹೇಳಿ ಎನ್ನುತ್ತಾರೆ. ಗುಟ್ಟಂತೆ, ಮಣ್ಣಂತೆ. ಚಾ ಕುಡಿದು ಹೋಗಿ ಎಂದು ಕಳಿಸಿಬಿಡುತ್ತೇನೆ. ಮೊನ್ನೆ ಬಂದ ಒಬ್ಬಳು ಮಾತ್ರ, ನಿಮ್ಮದು ಎಷ್ಟು ಖುಷಿಯ ಕೆಲಸ ಎಂದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅವಳು ಹೋದ ಮೇಲೆ ನನಗೆ ಊಟ ಸೇರಲಿಲ್ಲ. ಖುಷಿಯ ಕೆಲಸ ಎಂದುಕೊಂಡು ಈ ಕಸುಬಿಗೆ ಬರುವವರು ಇಷ್ಟನ್ನು ಓದಿ, ಆಮೇಲೂ ಬರುವುದಾದರೆ ಬನ್ನಿ. ಬೇಡ ಎನ್ನಲು ನಾನು ಯಾರು?

ನಮ್ಮದು ನಾಟಕ ಕಂಪೆನಿಯಲ್ಲ, ಯಕ್ಷಗಾನದ ಮೇಳವೂ ಅಲ್ಲ. ಹಲ್ಲುಪುಡಿ ಮಾರಲಿಕ್ಕೆ ಹುಟ್ಟಿಕೊಂಡ ಒಂದು ಗುಂಪು. ಪುತ್ತೂರಿನಲ್ಲಿ ಒಬ್ಬರು ಸಾಹುಕಾರರು ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಹಲ್ಲುಪುಡಿ ಮಾಡಿಸುತ್ತಿದ್ದರು. ಮಾವಿನೆಲೆಯಲ್ಲೂ ಇದ್ದಲಿನಲ್ಲೂ ಹಲ್ಲು ತಿಕ್ಕುವ ಜನ ಪುಡಿಯನ್ನು ಯಾಕೆ ಕೊಳ್ಳುತ್ತಾರೆ? ಅದಕ್ಕೆ ಸಾಹುಕಾರರು ಒಂದು ಹಳೆಯ ವ್ಯಾನು ತಂದು, ಅದರ ಹಿಂಬದಿ ತೆರೆದರೆ ಹಲಗೆ ಹಾಸಿ ನಿಲ್ಲುವ ಹಾಗೆ ಮಾಡಿಸಿ, ಒಬ್ಬ ಜಾದೂಗಾರನನ್ನು ಸಂತೆಗೆ ಕಳಿಸಿದರು. ಅವನು ಒಂದು ದಿನ ಹೇಳದೆ ಕೇಳದೆ ಮಾಯವಾದ. ಆಗ ನಾನು ಅದೇ ಕೊಟ್ಟಿಗೆಯಲ್ಲಿ ಡಬ್ಬಿಗೆ ಚೀಟಿ ಅಂಟಿಸುತ್ತಿದ್ದೆ. ಶಾಲೆಯ ವಾರ್ಷಿಕೋತ್ಸವಕ್ಕೆ ಒಂದೆರಡು ಪ್ರಹಸನ ಬರೆದುಕೊಟ್ಟಿದ್ದ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಕರೆಸಿ, ಏನಾದರೂ ಬರಿ, ಜನ ನಿಲ್ಲಬೇಕು, ನಿಂತವರು ಚದುರುವ ಮೊದಲು ಪುಡಿ ತೋರಿಸಬೇಕು, ಅಷ್ಟೇ ಎಂದರು. ಸಾಹಿತ್ಯದ ಬಗ್ಗೆ ಆ ಮನುಷ್ಯ ನನಗೆ ಹೇಳಿದ್ದು ಅಷ್ಟೇ.

ವಾರದಲ್ಲಿ ಮೂರು ಸಂತೆ ನಮ್ಮ ಪಾಲಿಗೆ: ಪುತ್ತೂರು, ಕಡಬ, ಸುಳ್ಯ. ಮೂರು ಕಡೆಯೂ ಆ ವಾರ ಒಂದೇ ನಾಟಕ. ಮಧ್ಯಾಹ್ನದ ಮೇಲೆ, ವ್ಯಾಪಾರ ಮುಗಿಸಿದ ಜನ ಮನೆಯ ದಾರಿ ಹಿಡಿಯುವ ಮೊದಲು, ಮುಕ್ಕಾಲು ಗಂಟೆಯೊಳಗೆ ಮುಗಿಯುವಂಥದ್ದು. ಮುಂದಿನ ವಾರಕ್ಕೆ ಹೊಸತು ಬೇಕು. ದೀಪಾವಳಿಗೆ ಹೊರಟರೆ ಪತ್ತನಾಜೆಗೆ, ಅಂದರೆ ಮಳೆಗಾಲ ಕಾಲಿಡುವ ಹೊತ್ತಿಗೆ, ವ್ಯಾನು ಕೊಟ್ಟಿಗೆ ಸೇರಬೇಕು.

ಮೊದಮೊದಲು ನಾನು ವಾರ ವಾರ ಬೇರೆ ಬೇರೆ ಪಾತ್ರಗಳನ್ನು ಬರೆದೆ. ಜನ ನಿಲ್ಲುತ್ತಿದ್ದರು, ನಗುತ್ತಿರಲಿಲ್ಲ. ಒಂದು ವಾರ ನಮ್ಮ ಮುಖ್ಯ ನಟ ಐತಪ್ಪ ಹೊಸ ಮಾತು ಕಲಿಯದೆ ಬಂದ. ಹಳೆಯ ವಾರದ ಹರಕು ಕೋಟನ್ನೇ ಹಾಕಿಕೊಂಡು ಹಲಗೆ ಹತ್ತಿದ. ಅವನು ಬಾಯಿ ತೆರೆಯುವ ಮೊದಲೇ, ಓ ಇವ ಪುನಃ ಬಂದ ಎಂದು ಜನ ನಗಲಿಕ್ಕೆ ಸುರು ಮಾಡಿದರು. ನನಗೆ ಬುದ್ಧಿ ಬಂದದ್ದು ಆವತ್ತು. ಆಮೇಲೆ ಹುಟ್ಟಿದ್ದೇ ‘ಕುಂಞಣ್ಣನ ಬಿಡಾರ’. ಬಾಡಿಗೆ ಮನೆಯಲ್ಲಿರುವ ಅಂಗಡಿ ಗುಮಾಸ್ತ ಕುಂಞಣ್ಣ, ಅವನನ್ನು ಬೆರಳ ತುದಿಯಲ್ಲಿ ಆಡಿಸುವ ಹೆಂಡತಿ ಪದ್ದಕ್ಕ, ಮನೆ ಬಿಟ್ಟು ಹೋಗದ ಅವಳ ತಾಯಿ, ಅಂದರೆ ಕುಂಞಣ್ಣನ ಅತ್ತೆ. ಕುಂಞಣ್ಣ ಐತಪ್ಪ. ಪದ್ದಕ್ಕನ ಪಾತ್ರಕ್ಕೆ ಗಿರಿಜ. ಅತ್ತೆಯ ವೇಷ ಮೋನಪ್ಪ ಎಂಬ ಗಂಡಸಿನದ್ದು. ಮೋನಪ್ಪ ಪುತ್ತೂರಿನಲ್ಲಿ ತುಳು ಬೆರೆಸಿ ಮಾತಾಡಿದರೆ ಸುಳ್ಯದಲ್ಲಿ ಅಲ್ಲಿನ ಗೌಡರಾಡುವ ಅರೆಭಾಷೆಗೆ ತಿರುಗುತ್ತಿದ್ದ, ಎರಡೂ ಕಡೆ ಹೆಂಗಸರು ಅವನನ್ನು ತಮ್ಮ ತಮ್ಮ ಅತ್ತೆಯೆಂದೇ ತಿಳಿದು ಶಾಪ ಹಾಕುತ್ತಿದ್ದರು.

ನಗುವುದು ಗುರುತಿನವರನ್ನು ನೋಡಿಯೇ ಎಂಬುದಕ್ಕೆ ಇನ್ನೊಂದು ಸಾಕ್ಷಿ ಹೇಳುತ್ತೇನೆ. ಪುತ್ತೂರಿನಲ್ಲಿ ಬಿದ್ದು ಬಿದ್ದು ನಗಿಸಿದ ನಾಟಕವನ್ನು ಸಾಹುಕಾರರ ಹಟಕ್ಕೆ ಸುಬ್ರಹ್ಮಣ್ಯಕ್ಕೆ ಕೊಂಡುಹೋದೆವು. ಅಲ್ಲಿ ಬಸ್ಸಿನಿಂದ ಇಳಿಯುವವರು ಹೊರಗಿನ ಯಾತ್ರಿಕರು. ಕುಂಞಣ್ಣ ಯಾರು, ಪದ್ದಕ್ಕ ಯಾರು ಅವರಿಗೆ? ಐತಪ್ಪ ಕೋಟಿನ ಗುಂಡಿ ಹುಡುಕುವ ತನ್ನ ಹೆಸರುವಾಸಿ ಆಟ ಆಡಿದ. ಒಬ್ಬರು ಮುಂದೆ ಬಂದು, ಏನು ಕಳೆದುಕೊಂಡಿರಿ ಎಂದು ಕನಿಕರದಿಂದ ಕೇಳಿದರು. ಹಿಂದಿರುಗುವಾಗ ವ್ಯಾನಿನಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಸಾಹುಕಾರರ ಕಾಟ ಬೇರೆ. ಪ್ರತಿ ನಾಟಕದಲ್ಲೂ ಪುಡಿಯ ಹೆಸರು ಬರಬೇಕು. ಒಮ್ಮೆ ಕುಂಞಣ್ಣನಿಗೆ ಹಲ್ಲುನೋವು ಬರುವ ಕಥೆ ಬರೆದೆ. ಐತಪ್ಪ ಆವೇಶದಲ್ಲಿ, ಪುಡಿ ಹಾಕಿ ತಿಕ್ಕಿದ ಮೇಲೆ ನೋವೇ ಇಲ್ಲ ಎನ್ನುವ ಬದಲು ಹಲ್ಲೇ ಇಲ್ಲ ಎಂದುಬಿಟ್ಟ. ಕಡಬದ ಸಂತೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ದಿನ ಒಂದು ಡಬ್ಬಿಯೂ ಹೋಗಲಿಲ್ಲ. ಸಾಹುಕಾರರು ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿ ಬೈದ ಬೈಗುಳ ಬರೆದರೆ ಕಾಗದ ನಾಚಿಕೊಂಡೀತು.

ಈಗ ಗಿರಿಜಳ ವಿಷಯ. ಅವಳು ನಮ್ಮ ಡ್ರೈವರ್ ವಾಸುವಿನ ಹೆಂಡತಿ. ಹೆಣ್ಣುಮಕ್ಕಳು ಹಲಗೆ ಹತ್ತದ ಕಾಲ ಅದು. ಸಂತೆಯಲ್ಲಿ ಕುಣಿಯುವವಳು ನಮಗೆ ಮಗಳಲ್ಲ ಎಂದು ಅವಳ ತವರಿನವರು ಬಾಗಿಲು ಹಾಕಿದ್ದರು. ಅವಳು ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ಹಲಗೆಯ ಮೇಲೆ ಅಷ್ಟು ಗಟ್ಟಿಗಿತ್ತಿ ಪದ್ದಕ್ಕ, ಕೆಳಗಿಳಿದರೆ ಮೂಲೆ ಹುಡುಕುವ ಹೆಂಗಸು. ವಾಸು ಇನ್ನೂ ಮೌನಿ. ನಾಟಕ ನಡೆಯುವಷ್ಟು ಹೊತ್ತೂ ವ್ಯಾನಿನ ಎದುರಿನ ಸೀಟಿನಲ್ಲಿ ಬೀಡಿ ಸೇದುತ್ತ ಕೂತಿರುತ್ತಿದ್ದ. ಇಬ್ಬರಿಗೂ ಮದುವೆಯಾಗಿ ಬಹಳ ವರ್ಷ ಮಕ್ಕಳಿರಲಿಲ್ಲ.

ಒಂದು ವರ್ಷ ಮಕರ ತಿಂಗಳಲ್ಲಿ ಗಿರಿಜ ಬಸುರಿಯೆಂಬುದು ಹಲಗೆಯ ಕೆಳಗಿನವರಿಗೂ ತೋರುವ ಹಾಗಾಯಿತು. ಸಾಹುಕಾರರು ಅವಳನ್ನು ಬಿಡಿಸಿ ಬೇರೆಯವಳನ್ನು ತರಬೇಕೆಂದರು. ಅವಳು ಹೋದರೆ ಪದ್ದಕ್ಕ ಹೋದ ಹಾಗೆ, ಪದ್ದಕ್ಕ ಹೋದರೆ ಬಿಡಾರವೇ ಇಲ್ಲ. ನಾನೆಂದೆ, ಪದ್ದಕ್ಕನೂ ಬಸುರಿಯಾಗಲಿ. ಅವರು ಕೆಂಡವಾದರು. ಮರ್ಯಾದಸ್ಥರು ನಿಲ್ಲುವ ಜಾಗದಲ್ಲಿ ಅಂಥದ್ದೆಲ್ಲ ತೋರಿಸುವುದೇ ಎಂದು ಕೂಗಾಡಿದರು. ಆಮೇಲೆ ಯಾಕೋ ಒಳಗೆ ಹೋಗಿ ತಮ್ಮ ಮುದಿ ತಾಯಿಯನ್ನು ಕೇಳಿ ಬಂದರು. ಆಗಬಹುದಂತೆ, ಆದರೆ ಬಸುರಿ ಎಂಬ ಶಬ್ದ ಯಾರ ಬಾಯಲ್ಲೂ ಬರಬಾರದಂತೆ. ಸರಿ, ಕುಂಞಣ್ಣ ಸಂತೆಯ ಜನರ ಹತ್ತಿರ, ಇವಳಿಗೆ ಎಂತದೋ ಹುಳಿ ಬೇಕಂತೆ, ಯಾರಲ್ಲಿ ಉಂಟು ಎಂದು ಕೇಳುವ ಹಾಗೆ ಬರೆದೆ. ಮುಂದಿನ ವಾರ ಮೂರೂ ಸಂತೆಗಳಲ್ಲಿ ಹೆಂಗಸರು ಹುಣಸೆ, ಬಿಂಬುಳಿ, ಮಾವಿನ ಮಿಡಿ ಕಟ್ಟಿಕೊಂಡು ಬಂದರು. ಅದುವರೆಗೆ ದೂರ ನಿಂತು ಸೆರಗಿನ ಮರೆಯಲ್ಲಿ ನಗುತ್ತಿದ್ದವರು ಹಲಗೆಯ ಹತ್ತಿರಕ್ಕೆ ಬಂದದ್ದು ಆಗ.

ಗಿರಿಜಳಿಗೆ ಏಳು ತುಂಬುವ ಹೊತ್ತಿಗೆ ಸುಳ್ಯದಲ್ಲಿ ಒಂದು ಘಟನೆ ನಡೆಯಿತು. ಮಂಡೆಕೋಲಿನ ಕಡೆಯ ಚಿನ್ನಮ್ಮ ಎಂಬ ಹಿರಿಯ ಗೌಡತಿ ಪ್ರತಿ ವಾರ ಮೊದಲ ಸಾಲಿನಲ್ಲಿ ನಿಲ್ಲುತ್ತಿದ್ದರು. ಆ ದಿನ ನಾಟಕ ನಡೆಯುತ್ತಿರುವಾಗಲೇ ಹಲಗೆ ಹತ್ತಿದರು. ಹಿಂದೆ ನಾಲ್ಕಾರು ಹೆಂಗಸರು. ಕೈಯಲ್ಲಿ ಸೀರೆ, ಹಸಿರು ಬಳೆ, ಮಲ್ಲಿಗೆ, ಎಲೆಯಲ್ಲಿ ಕಟ್ಟಿದ ತಿಂಡಿ. ಬಸುರಿಗೆ ತವರಿನವರು ಮಾಡುವ ಬಯಕೆಯ ಶಾಸ್ತ್ರವನ್ನು ಅಲ್ಲೇ, ಹಲ್ಲುಪುಡಿಯ ವ್ಯಾನಿನ ಮೇಲೆ ಮಾಡಿದರು. ಐತಪ್ಪನಿಗೆ ಮಾತು ಮರೆತುಹೋಯಿತು. ಹೂ ಮುಡಿಸುವಾಗ ಗಿರಿಜ ಅಳತೊಡಗಿದಳು. ಪದ್ದಕ್ಕ ಎಷ್ಟು ಚೆಂದ ಅಳುತ್ತಾಳೆ ನೋಡಿ ಎಂದು ಜನ ಮಾತಾಡಿಕೊಂಡರು. ಅವಳ ಹೆಸರು ಗಿರಿಜ ಎಂಬುದು ಆ ಹೆಂಗಸರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವಳಿಗೆ ಬಯಕೆ ಮಾಡುವವರು ಲೋಕದಲ್ಲಿ ಬೇರೆ ಯಾರೂ ಇರಲಿಲ್ಲ ಎಂಬುದೂ ಗೊತ್ತಿರಲಿಲ್ಲ.

ಅದಾದ ಮೇಲೆ ಪದ್ದಕ್ಕನನ್ನು ಹೆರಿಗೆಗೆ ಅಜ್ಜಿಮನೆಗೆ ಕಳಿಸಿದ ಹಾಗೆ ಬರೆದು ಗಿರಿಜಳನ್ನು ಬಿಡುವಿಗೆ ಕಳಿಸಿದೆವು. ಕುಂಞಣ್ಣ ಒಬ್ಬನೇ ಅನ್ನ ಬೇಯಿಸಲಿಕ್ಕೆ ಹೋಗಿ ಮನೆ ತುಂಬ ಹೊಗೆ ಮಾಡಿಕೊಂಡ. ಹುಟ್ಟಲಿರುವ ಮಗುವಿಗೆ ಯಾರ ಮೂಗು ಎಂದು ಅತ್ತೆಯ ಹತ್ತಿರ ಜಗಳಾಡಿದ. ನಾಟಕ ಮುಗಿದ ಕೂಡಲೇ ಹೆಂಗಸರು ಐತಪ್ಪನನ್ನು ಸುತ್ತಿಕೊಂಡು, ಪದ್ದಕ್ಕ ಹೇಗಿದ್ದಾಳೆ, ಎಣ್ಣೆ ಹಚ್ಚಲಿಕ್ಕೆ ಯಾರಿದ್ದಾರೆ ಎಂದು ವಿಚಾರಿಸುತ್ತಿದ್ದರು. ಸಾಹುಕಾರರಿಗೆ ಪುಡಿ ಅರೆಯಿಸಿ ಪೂರೈಸುತ್ತಿರಲಿಲ್ಲ. ಪತ್ತನಾಜೆಯ ಮೊದಲಿನ ಕಡೇ ವಾರ ಪದ್ದಕ್ಕ ಮಗುವನ್ನು ಎತ್ತಿಕೊಂಡು ಬರುತ್ತಾಳೆ, ಮಗುವಿಗೆ ಹೆಸರು ಇಡುವ ನಾಟಕ ಎಂದು ಮೂರೂ ಸಂತೆಯಲ್ಲಿ ಡೋಲು ಹೊಡೆಸಿ ಸಾರಿಸಿದರು.

ಗಿರಿಜ ಗಂಡು ಮಗು ಹೆತ್ತಳು. ಅದು ಉಳಿಯಲಿಲ್ಲ. ಒಂದು ಹಗಲು ಒಂದು ರಾತ್ರಿ ಇತ್ತು ಎಂದು ವಾಸು ಹೇಳಿದ, ಅಷ್ಟೇ ಹೇಳಿದ.

ನಮ್ಮ ಕಸುಬು ಎಂಥದ್ದೆಂದು ನನಗೆ ಗೊತ್ತಾದದ್ದು ಆ ವಾರ. ಮಗು ಸತ್ತಿತೆಂದು ಬರೆಯುವ ಹಾಗಿಲ್ಲ. ಕುಂಞಣ್ಣನ ಬಿಡಾರದಲ್ಲಿ ಪಾತ್ರೆ ಒಡೆಯಬಹುದು, ಸೂರು ಸೋರಬಹುದು, ಸಾವು ಮಾತ್ರ ಒಳಗೆ ಬರುವಂತಿಲ್ಲ. ಮಗು ಇದೆಯೆಂದು ಬರೆಯೋಣವೆಂದರೆ ಅದನ್ನು ಯಾರ ಕೈಯಲ್ಲಿ ಕೊಡುವುದು? ಸಾಹುಕಾರರು ಇನ್ನೊಬ್ಬಳನ್ನು ಗೊತ್ತು ಮಾಡಿದ್ದೇನೆ ಎಂದರು. ಅವರು ಕೆಟ್ಟವರೇನಲ್ಲ, ಗಿರಿಜಳ ಮನೆಗೆ ಅಕ್ಕಿ ಕಳಿಸಿದ್ದರು, ಆದರೆ ಡೋಲು ಹೊಡೆದಾಗಿತ್ತು. ಬೇರೆಯವಳು ಬಂದರೆ ನಾನು ಹಲಗೆ ಹತ್ತುವುದಿಲ್ಲ ಎಂದು ಐತಪ್ಪ ಕೂತುಬಿಟ್ಟ. ನಾನು ಬಿಡಾರವನ್ನೇ ಮುಚ್ಚಿಸುವುದೆಂದು ಯೋಚಿಸಿದೆ. ಕುಂಞಣ್ಣನಿಗೆ ಘಟ್ಟದ ಮೇಲೆ ಕೆಲಸ ಸಿಕ್ಕಿ ಸಂಸಾರ ಸಮೇತ ಹೊರಟು ಹೋದ ಎಂದು ಬರೆದು ಕೈ ತೊಳೆದುಕೊಳ್ಳುವುದು. ಬರೆಯುತ್ತಲೂ ಇದ್ದೆ. ಆಗ ಗಿರಿಜ ಬಂದಳು. ಬಾಣಂತಿಯ ಬಿಳಿಚಿದ ಮುಖ. ಬಾಗಿಲಲ್ಲೇ ನಿಂತು, ಮಗುವಿನ ನಾಟಕ ನಿಲ್ಲಿಸುತ್ತಿದ್ದೀರಂತೆ ಹೌದಾ ಎಂದು ಕೇಳಿದಳು. ಹೌದೆಂದೆ. ನಿನಗೆ ಅದನ್ನು ಮಾಡಲಿಕ್ಕಾಗುವುದಿಲ್ಲ, ಮಾಡಿಸಲಿಕ್ಕೆ ನನಗೂ ಆಗುವುದಿಲ್ಲ ಎಂದೆ.

“ಹೋದದ್ದು ನನ್ನ ಮಗು,” ಎಂದಳು. “ಪದ್ದಕ್ಕನ ಮಗು ಎಂತ ಮಾಡಿದೆ? ಅದನ್ನು ಯಾಕೆ ಇಲ್ಲ ಮಾಡುದು ನೀವು? ಅಷ್ಟು ಹೆಂಗಸರು ಕಾಯ್ತಾ ಇದ್ದಾರೆ.”

ಬರೆಯುತ್ತಿದ್ದ ಹಾಳೆಯನ್ನು ಹರಿದೆ. ಹೆಸರಿಡುವ ನಾಟಕ ಬರೆದೆ. ಅತ್ತೆಗೆ ತನ್ನ ಗಂಡನ ಹೆಸರು ಬೇಕು, ಕುಂಞಣ್ಣನಿಗೆ ತನ್ನ ಅಪ್ಪನದು, ಜಗಳ ಬಗೆಹರಿಯದೆ ಮಳೆಗಾಲ ಬಂದೇ ಬಿಡುತ್ತದೆ. ಅಳುವಿಗೆ ಎಲ್ಲೂ ಜಾಗ ಇಡಲಿಲ್ಲ. ಮೋನಪ್ಪ ಗಿರಿಜಳದೇ ಒಂದು ಹಳೆಯ ಸೀರೆ ಮಡಚಿ, ಸುತ್ತಿ, ಮಗುವಿನಷ್ಟು ಉದ್ದದ ಗಂಟು ಕಟ್ಟಿದ. ಪುತ್ತೂರಿನಲ್ಲಿ ಗಿರಿಜ ಒಂದು ಮಾತೂ ತಪ್ಪಲಿಲ್ಲ. ಗಂಟನ್ನು ಎದೆಗೊತ್ತಿಕೊಂಡು ಬೈದಳು, ಕುಂಞಣ್ಣನನ್ನು ಅಟ್ಟಾಡಿಸಿದಳು. ಜನ ನಕ್ಕರು. ಕಡಬದಲ್ಲೂ ನಕ್ಕರು, ಇಚಿಲಂಪಾಡಿ ಕಡೆಯ ಹೆಂಗಸರು ಹಲಗೆಯ ತುದಿಯಲ್ಲಿ ಬೆಲ್ಲದ ಅಚ್ಚು ಇಟ್ಟು ಹೋದರು. ಹಿಂದಿರುಗುವಾಗ ಅವಳು ಗಂಟನ್ನು ಪೆಟ್ಟಿಗೆಗೆ ಹಾಕಲಿಕ್ಕೆ ಬಿಡಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

ಕೊನೆಗೆ ಸುಳ್ಯ. ಅಷ್ಟು ಜನ ನಮ್ಮ ವ್ಯಾನಿನ ಎದುರು ಅದಕ್ಕಿಂತ ಮೊದಲೂ ನಿಂತಿರಲಿಲ್ಲ, ಆಮೇಲೂ ನಿಲ್ಲಲಿಲ್ಲ. ನಾನು ಎಂದಿನಂತೆ ವ್ಯಾನಿನ ಬಾಗಿಲ ಹಿಂದೆ ನಿಂತು ಮಾತು ಒದಗಿಸುತ್ತಿದ್ದೆ. ಹೆಸರಿನ ಜಗಳ ಏರುತ್ತಿರುವಾಗ ಚಿನ್ನಮ್ಮ ಹಲಗೆ ಹತ್ತಿದರು. ಕೈಯಲ್ಲಿ ಮಗುವಿಗೆ ಕಟ್ಟುವ ಕರಿಮಣಿಯ ಸರ. ಮಂಡೆಕೋಲಿನಿಂದ ಬಿಸಿಲಲ್ಲಿ ನಡೆದು ಬಂದಿದ್ದರು. ಅವರಿಗೆ ನಾಟಕ ಯಾವುದು, ನಿಜ ಯಾವುದು ಎಂಬುದು ಗೊತ್ತಿರಲಿಲ್ಲವೆಂದು ತಿಳಿಯಬೇಡಿ. ಗಂಡ ಸುಳ್ಳು, ಅತ್ತೆ ಸುಳ್ಳು ಎಂದು ಅವರಿಗೂ ಗೊತ್ತು. ಆದರೆ ಆ ಹೊಟ್ಟೆಯನ್ನು ಅವರು ಕೈಯಾರೆ ಮುಟ್ಟಿದ್ದರು. ಹೊಟ್ಟೆ ನಿಜವಾದ ಮೇಲೆ ಮಗುವೂ ನಿಜವಲ್ಲವೇ?

ಅವರು ಎರಡೂ ಕೈ ಚಾಚಿ ಮಗುವನ್ನು ಕೇಳಿದರು. ಗಿರಿಜ ಹಿಂದೆ ಸರಿದಳು. ಐತಪ್ಪ ನಡುವೆ ಬಂದು, ಮಗು ಈಗಷ್ಟೇ ಮಲಗಿದೆ, ಎಬ್ಬಿಸಿದರೆ ನನ್ನನ್ನು ಹೊರಗೆ ಹಾಕುತ್ತಾಳೆ ಎಂದು ತಮಾಷೆ ಮಾಡಿ ತಡೆಯಲು ನೋಡಿದ. ಚಿನ್ನಮ್ಮ ನಗುತ್ತ ಅವನನ್ನು ಪಕ್ಕಕ್ಕೆ ಸರಿಸಿ ಮಗುವನ್ನು ಎತ್ತಿಕೊಂಡೇಬಿಟ್ಟರು.

ಎಷ್ಟೋ ಮಕ್ಕಳನ್ನು ಎತ್ತಿದ ಕೈ ಅದು. ಭಾರವಿದೆಯೆಂದು ಎತ್ತಿದ್ದು, ಸರ್ರನೆ ಮೇಲೆ ಬಂತು. ಅವರು ಬಟ್ಟೆ ಸರಿಸಿ ನೋಡಲಿಲ್ಲ. ಗಿರಿಜಳನ್ನು ನೋಡಿದರು. ಗಿರಿಜಳ ರವಿಕೆಯ ಎದೆಭಾಗ ಒದ್ದೆಯಾಗಿತ್ತು. ಕುಡಿಯುವವರಿಲ್ಲದ ಹಾಲು. ಸೆರಗು ಎಳೆದುಕೊಳ್ಳುವ ಹೊತ್ತಿಗೆ ಚಿನ್ನಮ್ಮ ಅದನ್ನು ಕಂಡಿದ್ದರು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಈಗ ಇವರು ಒಂದು ಮಾತು ಆಡಿದರೆ ಎಲ್ಲ ಮುಗಿಯಿತು, ಗಿರಿಜ ಇನ್ನೊಮ್ಮೆ ಇಲ್ಲಿ, ಇಷ್ಟು ಜನರ ಎದುರು, ಅದನ್ನು ಕಳೆದುಕೊಳ್ಳುತ್ತಾಳೆ ಎಂದು ಹೆದರಿ ನಿಂತೆ.

ಚಿನ್ನಮ್ಮ ಗಂಟನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದರು. ಕರಿಮಣಿಯನ್ನು ಬಟ್ಟೆಯ ಮೇಲೆಯೇ ಕಟ್ಟಿದರು. ಆಮೇಲೆ ಗಿರಿಜಳ ಹತ್ತಿರ ಬಾಗಿ ಮೆಲ್ಲಗೆ ಮಾತಾಡಿದರು. ಅವರದು ಅರೆಭಾಷೆ, ನಾನು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

“ಹೆಸರು ಇಟ್ಟಾಗಿತ್ತಾ ಮಗಾ?”

ಗಿರಿಜ ಇಲ್ಲವೆಂದು ತಲೆಯಾಡಿಸಿದಳು.

“ಈಗ ಇಡು. ಕಿವಿಯಲ್ಲಿ ಹೇಳು. ನಾನು ಹಿಡ್ಕೊಂಡಿದ್ದೇನೆ.”

ನಮ್ಮಲ್ಲಿ ಹೆಸರಿಡುವಾಗ ಮಗುವಿನ ಕಿವಿಯಲ್ಲಿ ಮೂರು ಸಲ ಹೇಳುತ್ತಾರೆ. ಗಿರಿಜ ಬಗ್ಗಿದಳು. ಅವಳ ತುಟಿ ಆಡಿದ್ದು ಮೂರು ಸಲವೂ ಕಂಡೆ. ಜನರಿಗೆ ಇದೆಲ್ಲ ನಾಟಕವೇ. ಕುಂಞಣ್ಣನಿಗೂ ಅತ್ತೆಗೂ ಹೇಳದೆ ಪದ್ದಕ್ಕ ತಾನೇ ಹೆಸರಿಟ್ಟುಬಿಟ್ಟಳು ಎಂದು ಅವರಿಗೆ ಭಾರೀ ಮೋಜು. ಎಂತ ಹೆಸರು, ಎಂತ ಹೆಸರು ಎಂದು ಎಲ್ಲ ಕಡೆಯಿಂದ ಕೇಳತೊಡಗಿದರು. ಐತಪ್ಪ ಜನರಿಗೆ ಬೆನ್ನು ಹಾಕಿ ನಿಂತಿದ್ದ, ಅವನ ಮುಖ ನನಗೆ ಕಾಣುತ್ತಿತ್ತು, ಅದನ್ನು ಬರೆಯುವುದಿಲ್ಲ. ಕೋಟಿನ ತೋಳಿನಿಂದ ಒರೆಸಿಕೊಂಡು ತಿರುಗಿದ.

“ನನ್ನ ಹತ್ರವೇ ಹೇಳ್ಲಿಲ್ಲ ಮಾರಾಯ್ರೆ, ನಿಮಗೆ ಎಂತ ಹೇಳುದು?”

ನಗು ಎದ್ದಿತು. ನಿಲ್ಲಲೇ ಇಲ್ಲ. ನನ್ನ ಇಡೀ ಕಸುಬಿನಲ್ಲಿ ಅಷ್ಟು ದೊಡ್ಡ ನಗು ಕೇಳಿದವನಲ್ಲ. ಸಾಹುಕಾರರು ಮರುದಿನ ಕರೆಸಿ, ಕೊನೆಯ ಮಾತು ಭಾರೀ ಲಾಯ್ಕ ಬರೆದಿದ್ದಿ ಎಂದು ಬೆನ್ನು ತಟ್ಟಿದರು. ನಾನು ಬರೆದದ್ದಲ್ಲ ಎಂದು ಹೇಳಲಿಲ್ಲ, ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

ಮುಂದಿನ ದೀಪಾವಳಿಗೆ ಮೈಕು ಬಂತು. ಒಂದೇ ಕಂಬ, ಒಂದೇ ಮೈಕು. ಓಡಾಡಿ ನಗಿಸುತ್ತಿದ್ದವರೆಲ್ಲ ಅದರ ಸುತ್ತ ಗುಂಪಾಗಿ ನಿಂತು ಮಾತಾಡಬೇಕಾಯಿತು. ಐತಪ್ಪನ ಅರ್ಧ ಆಟ ಅಲ್ಲಿಗೇ ಸತ್ತಿತು. ಅದು ಆರು ತಿಂಗಳು ಮೊದಲು ಬಂದಿದ್ದರೆ ಆ ಹೆಸರು ಇಡೀ ಸುಳ್ಯ ಪೇಟೆಗೆ ಕೇಳುತ್ತಿತ್ತು.

ಪದ್ದಕ್ಕನ ಮಗು ಬೆಳೆಯಿತು. ಕುಂಞಣ್ಣನ ಬಿಡಾರ ಆಮೇಲೆಯೂ ಬಹಳ ವರ್ಷ ನಡೆಯಿತಲ್ಲ, ಮಗು ಗಂಟಾಗಿಯೇ ಇರಲಿಕ್ಕಾಗುತ್ತದೆಯೇ? ಯಾರ ಯಾರದೋ ಮಕ್ಕಳನ್ನು ತಂದು ಹಲಗೆಯ ಮೇಲೆ ಕೂರಿಸಿದೆವು. ಗಿರಿಜ ಅವಕ್ಕೆ ತಲೆ ಬಾಚುತ್ತಿದ್ದಳು, ನಾಟಕ ಮುಗಿದ ಮೇಲೆ ತಾಯಂದಿರಿಗೆ ಒಪ್ಪಿಸುತ್ತಿದ್ದಳು. ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ. ಹೆಸರು ಏನೆಂದು ಅವಳನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ, ಹಾಗಾಗಿ ಬರೆಯುವಾಗೆಲ್ಲ ಬರೀ ಮಗು ಎಂದೇ ಬರೆದೆ. ಜನರಿಗೆ ಅದೇ ಒಂದು ಆಟವಾಯಿತು. ವಾರ ವಾರ ಯಾರಾದರೊಬ್ಬರು ಕೆಳಗಿನಿಂದ, ಕುಂಞಣ್ಣಾ ಮಗುವಿನ ಹೆಸರೆಂತ ಎಂದು ಕೂಗುವುದು, ನನ್ನ ಹತ್ರವೇ ಹೇಳ್ಲಿಲ್ಲ ಮಾರಾಯ್ರೆ ಎಂದು ಐತಪ್ಪ ಹೇಳುವುದು, ಎಲ್ಲರೂ ನಗುವುದು. ನಗು ಇಳಿಯುವವರೆಗೆ ಗಿರಿಜ ಕಾಯುತ್ತಿದ್ದಳು. ಆಮೇಲೆ ತನ್ನ ಮಾತು ಹೇಳುತ್ತಿದ್ದಳು.

ಪೇಟೆಗಳಿಗೆ ಸಿನಿಮಾ ಬಂತು, ಅಂಗಡಿ ಅಂಗಡಿಗೆ ರೇಡಿಯೋ ಬಂತು. ಹಲ್ಲುಪುಡಿ ಕೇಳುವವರಿಲ್ಲದೆ ವ್ಯಾನು ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯಿತು. ನಾನು ಊರಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿಕೊಂಡು ಉಳಿದ ವರ್ಷ ಕಳೆದೆ. ಗಿರಿಜ ತೀರಿಕೊಂಡದ್ದು ಎಷ್ಟೋ ಕಾಲದ ಮೇಲೆ. ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದು, ಬಂದವರೆಲ್ಲ ಹೋದ ಮೇಲೆ ವಾಸು ನನ್ನ ಹತ್ತಿರ ಬಂದು ಕೂತ. ಒಂದು ಬೀಡಿ ಹಚ್ಚಿ ಅರ್ಧ ಸೇದಿದ. ಆಮೇಲೆ ಕೇಳಿದ.

“ಆವತ್ತು ಸುಳ್ಯದಲ್ಲಿ ನೀವು ಬಾಗಿಲ ಹಿಂದೆಯೇ ಇದ್ರಲ್ಲ. ಅವಳು ಎಂತ ಹೆಸರು ಹೇಳಿದ್ದು, ನಿಮಗೆ ಕೇಳಿತ್ತಾ?”

ನಾನು ಅವನ ಮುಖ ನೋಡಿದೆ. ನಿನಗೂ ಹೇಳಲಿಲ್ಲವಾ ಎಂದು ಕೇಳಲಿಕ್ಕೆ ಬಾಯಿ ಬರಲಿಲ್ಲ. ವಾರ ವಾರ, ಮೂರೂ ಸಂತೆಗಳಲ್ಲಿ, ಐತಪ್ಪ ಆ ಮಾತು ಹೇಳಿ ಜನ ನಗುವಾಗ ಇವನು ಎದುರಿನ ಸೀಟಿನಲ್ಲಿ ಕೂತು ಕೇಳಿದವನು.

ಇಲ್ಲ ವಾಸು, ಕೇಳಲಿಲ್ಲ ಎಂದೆ. ಆಯ್ತು ಎಂದು ಎದ್ದು ಅವನು ಒಳಗೆ ಹೋದ.